ಬ್ಲೂಶರ್ ಡಯೋರಾಮಾ: ಕುದುರೆ ಮುಗಿಯಿತು, ಕೆಸರಿನ ದಾರಿ ಬಾಕಿ

ಈ ವಾರ ನನ್ನ ಡಯೋರಾಮಾದ (ಯುದ್ಧದೃಶ್ಯದ ಪುಟ್ಟ ಮಾದರಿ) ಕುದುರೆಗೆ ಬಣ್ಣ ಹಚ್ಚಿ ಮುಗಿಸಿದೆ. ಬೂದು ಕುದುರೆ, ಇಂಗ್ಲೆಂಡಿನ ಯುವರಾಜ ಜಾರ್ಜ್ ಕೊಟ್ಟ ಉಡುಗೊರೆ. 1815ರ ಜೂನ್ 16ರ ಸಂಜೆ ನೆಪೋಲಿಯನ್ ವಿರುದ್ಧದ ಲಿನ್ಯಿ ಯುದ್ಧದಲ್ಲಿ ಗುಂಡು ತಗುಲಿ ಸವಾರನ ಮೇಲೆಯೇ ಬಿತ್ತು. ಅಡಿಯಲ್ಲಿ ಸಿಕ್ಕಿಕೊಂಡವರು ಪ್ರಶ್ಯ ಎಂಬ ಜರ್ಮನ್ ರಾಜ್ಯದ ಫೀಲ್ಡ್ ಮಾರ್ಷಲ್ ಬ್ಲೂಶರ್. ಆಗ ಅವರಿಗೆ 72 ವರ್ಷ.

ಕತ್ತಿ ಎತ್ತಿ ನುಗ್ಗುವ ಭಂಗಿಯನ್ನೇ ಮಾಡಬಹುದಿತ್ತು, ‘ಮಾರ್ಷಲ್ ಮುಂದಕ್ಕೆ’ ಎಂದು ಹೆಸರಾದವರು ತಾನೇ. ಆದರೆ ಬಿದ್ದು ಎದ್ದು ಬರುವುದೇ ಅವರ ಬದುಕು ಅಂತ ನನಗನಿಸುತ್ತದೆ. ಹುಟ್ಟಿದ್ದು 1742ರಲ್ಲಿ, ರೋಸ್ಟಾಕ್‌ನಲ್ಲಿ. ಹುಡುಗನಾಗಿದ್ದಾಗ ಸ್ವೀಡನ್ನಿನ ಹುಸ್ಸಾರ್ (ಹಗುರ ಕುದುರೆ ಸವಾರರ) ದಳ ಸೇರಿ, 1760ರಲ್ಲಿ ಪ್ರಶ್ಯನ್ನರ ಕೈಗೆ ಸೆರೆಸಿಕ್ಕಿ, ಅವರ ಸೈನ್ಯಕ್ಕೇ ಸೇರಿದರು. ಬಡ್ತಿ ಕೈತಪ್ಪಿದ್ದಕ್ಕೆ ಸಿಟ್ಟಾಗಿ ರಾಜೀನಾಮೆ ಬರೆದರೆ, ದೊರೆ ಫ್ರೆಡ್ರಿಕ್ ‘ಹಾಳಾಗಿ ಹೋಗಲಿ’ ಅಂದುಬಿಟ್ಟ. ಮುಂದೆ ವರ್ಷಗಟ್ಟಲೆ ಬೇಸಾಯ. 1786ರಲ್ಲಿ ಫ್ರೆಡ್ರಿಕ್ ತೀರಿಕೊಂಡ. ಮರುವರ್ಷ ಇವರು ಸೈನ್ಯಕ್ಕೆ ಮರಳಿದರು. ಆಗ ವಯಸ್ಸು 40 ದಾಟಿತ್ತು!

1806ರದ್ದು ನನಗೆ ತುಂಬಾ ಇಷ್ಟವಾದ ಭಾಗ. ಯೇನಾದಲ್ಲಿ ನೆಪೋಲಿಯನ್ನನಿಗೆ ಸೋತು ಪ್ರಶ್ಯನ್ ಸೇನೆ ಚೆದುರಿ ಹೋದ ಮೇಲೂ ಬ್ಲೂಶರ್ ಲ್ಯೂಬೆಕ್‌ವರೆಗೆ ಹೋರಾಡುತ್ತಾ ಹಿಂದೆ ಸರಿದರು. ಕೊನೆಗೆ ಶರಣಾಗುವಾಗಲೂ, ರೊಟ್ಟಿ ಮತ್ತು ಮದ್ದುಗುಂಡು ಮುಗಿದದ್ದೇ ಕಾರಣ ಎಂದು ಪತ್ರದಲ್ಲಿ ಬರೆದರು. 1813ರಲ್ಲಿ ಕಾಟ್ಸ್‌ಬಾಖ್‌ನಲ್ಲೂ ಲೈಪ್‌ಜಿಗ್‌ನಲ್ಲೂ ಫ್ರೆಂಚರನ್ನು ಸೋಲಿಸಿ ಅದರ ಲೆಕ್ಕ ತೀರಿಸಿದರು.

ಬೊಂಬೆಗಳು 54 ಮಿ.ಮೀ. ಅಳತೆಯವು. ಕೋಟಿನ ಕಡುನೀಲಿಗೆ ಸ್ವಲ್ಪ ಕಪ್ಪು ಬೆರೆಸಿದ್ದೇನೆ. ಮಳೆಯಲ್ಲಿ ನೆನೆದ ಉಣ್ಣೆಬಟ್ಟೆ ಹಾಗೇ ಕಾಣಬೇಕಲ್ವಾ? ಪಕ್ಕದಲ್ಲಿ ಸಹಾಯಕ ಅಧಿಕಾರಿ ನೋಸ್ಟಿಟ್ಸ್. ಫ್ರೆಂಚ್ ಕುದುರೆ ಸವಾರರು ಗುರುತಿಸದೆ ಹಾದುಹೋದಾಗ ಮುದುಕರ ಬಳಿಯೇ ನಿಂತಿದ್ದವನು. ಅವನ ಮುಖಕ್ಕೆ ಸಣ್ಣ ಬ್ರಷ್‌ನಲ್ಲಿ ಜಾಸ್ತಿ ಹೊತ್ತು ಕಳೆದೆ. ದೃಶ್ಯದ ಭಯವೆಲ್ಲ ಅಲ್ಲೇ ಇರುವುದು.

ಮುಂದಿನದು ಎರಡನೇ ಬೇಸ್. ಬ್ಲೂಶರ್ ಕಾಣದಿದ್ದಾಗ ಸೈನ್ಯವನ್ನು ವಾವ್ರ್ ಊರಿನ ಕಡೆಗೆ ತಿರುಗಿಸಿದವರು ಅವರ ಸೇನಾ ಮುಖ್ಯಾಧಿಕಾರಿ ಗ್ನೈಸೆನಾವ್. ರೈನ್ ನದಿಯ ಕಡೆಗೆ ಹಿಂದೆ ಸರಿದಿದ್ದರೆ, ಮಿತ್ರಪಕ್ಷದ ಬ್ರಿಟಿಷ್ ಸೇನಾಪತಿ ವೆಲ್ಲಿಂಗ್ಟನ್ ಒಂಟಿಯಾಗುತ್ತಿದ್ದ. ಜೂನ್ 18ರಂದು, ವಾಟರ್ಲೂ ಯುದ್ಧದ ದಿನ, ಮೈ ನೋವಿನಲ್ಲೇ ಮತ್ತೆ ಕುದುರೆ ಏರಿದ ಬ್ಲೂಶರ್ ಲಾಸ್ನ್ ಕಣಿವೆಯ ಕೆಸರಲ್ಲಿ ಸೈನಿಕರನ್ನು ಹುರಿದುಂಬಿಸುತ್ತಾ ಪ್ಲಾನ್ಸೆನ್ವಾ ಹಳ್ಳಿಯ ಕಡೆಗೆ ನಡೆಸಿದರು. ಅಲ್ಲಿಂದಲೇ ನೆಪೋಲಿಯನ್ನನ ಬಲ ಪಕ್ಕಕ್ಕೆ ಹೊಡೆತ ಬಿತ್ತು. ಕೆಸರಿಗೆ ಜರಡಿ ಹಿಡಿದ ಮಣ್ಣು, ಫೆವಿಕಾಲ್ ಮತ್ತು ಕಂದು ಬಣ್ಣ ಕಲಸಿಟ್ಟಿದ್ದೇನೆ. ಒಣಗಿದ ಮೇಲೆ ವಾರ್ನಿಷ್ ಹಚ್ಚಿ ಒದ್ದೆ ಹೊಳಪು ತರಬೇಕು, ಫಿರಂಗಿಯ ಚಕ್ರಗಳನ್ನು ಅರ್ಧದವರೆಗೆ ಹೂಳಬೇಕು.