ಅಮ್ಮನ ಆರೋಗ್ಯ ದಾಖಲೆಗಳನ್ನು ಎಲ್ಲಿಡುವುದು?

ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಜೊತೆಗೆ ಅಮ್ಮನ ಮೂತ್ರಪಿಂಡಗಳ ಮೇಲೂ ಈಗ ನಿಗಾ ಇಡಬೇಕಾಗಿದೆ. ಹಾಸನದ ವೈದ್ಯರು ಬರೆದ ಚೀಟಿಯನ್ನು ಬೆಂಗಳೂರಿನ ತಜ್ಞರು ಕೇಳುತ್ತಾರೆ. ಬೆಂಗಳೂರಿನಲ್ಲಿ ಮಾಡಿಸಿದ ರಕ್ತಪರೀಕ್ಷೆಯ ವರದಿ ಹಾಸನದವರಿಗೆ ಬೇಕು. ಮೂತ್ರಪಿಂಡಗಳ ಸ್ಥಿತಿಯನ್ನು ತಿಳಿಯಲು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್‌ನ ಒಂದೇ ಒಂದು ಅಂಕಿಯಿಂದ ತಿಳಿಯುವುದು ಕಡಿಮೆ, ಅದು ವರ್ಷದಿಂದ ವರ್ಷಕ್ಕೆ ಹೇಗೆ ಏರಿಳಿದಿದೆ ಎಂಬುದೇ ವೈದ್ಯರಿಗೆ ಮುಖ್ಯ. ಆದ್ದರಿಂದ ಎಲ್ಲ ದಾಖಲೆಗಳನ್ನೂ ಒಂದೆಡೆ ಇಡಬಲ್ಲ ಆನ್‌ಲೈನ್ ಸೇವೆಯೊಂದನ್ನು ಆರಿಸಲು ನಾನೂ ತಂಗಿಯೂ ಕುಳಿತೆವು.

ನನ್ನ ಮಟ್ಟಿಗೆ ಮೊದಲು ಕೇಳಬೇಕಾದ ಪ್ರಶ್ನೆ, ನಾಳೆ ಈ ಸೇವೆಯನ್ನು ಬಿಡಬೇಕಾಗಿ ಬಂದರೆ ದಾಖಲೆಗಳು ನಮ್ಮೊಡನೆ ಬರುತ್ತವೆಯೇ ಎಂಬುದು. ಇದು ಅತಿಯಾದ ಅನುಮಾನವಲ್ಲ. ಇಂಥದೇ ಸೇವೆಯಾಗಿ 2008ರಲ್ಲಿ ಆರಂಭವಾದ ಗೂಗಲ್ ಹೆಲ್ತ್ 2012ರ ಜನವರಿ 1ರಂದು ನಿಂತಿತು; ದಾಖಲೆಗಳನ್ನು ಇಳಿಸಿಕೊಳ್ಳಲು ಬಳಕೆದಾರರಿಗೆ ಮತ್ತೊಂದು ವರ್ಷದ ಅವಕಾಶವಿತ್ತು. 2007ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಹೆಲ್ತ್‌ವಾಲ್ಟ್ 2019ರ ನವೆಂಬರ್ 20ರಂದು ಮುಚ್ಚಿತು. ಅಷ್ಟು ದೊಡ್ಡ ಸಂಸ್ಥೆಗಳೇ ಕೈಬಿಟ್ಟ ಕೆಲಸವನ್ನು ಹೊಸ ಕಂಪನಿಯೊಂದು ಅಮ್ಮನ ಆಯುಷ್ಯದುದ್ದಕ್ಕೂ ನಡೆಸುತ್ತದೆಂದು ನಂಬಿ ಮೂಲ ಕಾಗದಗಳನ್ನು ಎಸೆಯಲು ನಾನು ಸಿದ್ಧಳಿಲ್ಲ.

ನಮ್ಮ ದೇಶದ ಮಟ್ಟಿಗೆ ಈ ಪ್ರಶ್ನೆಗೆ ಸ್ವಲ್ಪಮಟ್ಟಿನ ಉತ್ತರ ಸಿಗುವುದು 2021ರ ಸೆಪ್ಟೆಂಬರ್‌ನಲ್ಲಿ ದೇಶವ್ಯಾಪಿಯಾಗಿ ಆರಂಭವಾದ, ಆಸ್ಪತ್ರೆ ಮತ್ತು ಲ್ಯಾಬುಗಳ ದಾಖಲೆಗಳನ್ನು ಒಂದು ಜಾಲದಲ್ಲಿ ಬೆಸೆಯುವ ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಲ್ಲಿ. ಅದರಡಿ ಸಿಗುವ ಆಭಾ ಎಂಬ 14 ಅಂಕಿಗಳ ಆರೋಗ್ಯ ಗುರುತಿನ ಸಂಖ್ಯೆಯನ್ನು ಉಚಿತ ಚಿಕಿತ್ಸೆಯ ಆಯುಷ್ಮಾನ್ ಕಾರ್ಡ್ ಎಂದು ಹಲವರು ಭಾವಿಸುತ್ತಾರೆ, ಆದರೆ ಎರಡೂ ಬೇರೆ ಬೇರೆ. ಆಭಾ ಪಡೆಯುವುದು ಕಡ್ಡಾಯವೂ ಅಲ್ಲ. ಈ ವ್ಯವಸ್ಥೆಯಲ್ಲಿ ನನಗೆ ಮೆಚ್ಚುಗೆಯಾದದ್ದು, ವರದಿಗಳೆಲ್ಲ ಒಂದು ಕೇಂದ್ರ ಕಂಪ್ಯೂಟರಿಗೆ ಹೋಗಿ ಸೇರುವ ಬದಲು ಅವು ಹುಟ್ಟಿದ ಆಸ್ಪತ್ರೆ ಅಥವಾ ಲ್ಯಾಬಿನಲ್ಲಿಯೇ ಉಳಿದು, ರೋಗಿಯ ಒಪ್ಪಿಗೆ ದೊರೆತಾಗ ಮಾತ್ರ ಕೇಳಿದವರಿಗೆ ತಲುಪುತ್ತವೆ ಎಂಬ ಅಂಶ. ಯಾವ ಬಗೆಯ ದಾಖಲೆ, ಯಾವ ಅವಧಿಯದು, ಎಷ್ಟು ದಿನ ನೋಡಬಹುದು ಎಂಬುದನ್ನು ಒಪ್ಪಿಗೆ ಕೊಡುವಾಗಲೇ ನಿರ್ಧರಿಸಬಹುದು, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂಬಹುದು. ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದ ಆಭಾ ಆ್ಯಪ್ ಮಾತ್ರವಲ್ಲದೆ ಎಕಾ ಕೇರ್‌ನಂತಹ ಖಾಸಗಿ ಆ್ಯಪ್‌ಗಳೂ ಈ ಜಾಲಕ್ಕೆ ಸೇರಿವೆ.

ಆದರೆ ಇದು ಜಾಲಕ್ಕೆ ಸೇರಿದ ಆಸ್ಪತ್ರೆಗಳ ಮಾತು. ಅಮ್ಮ ಹೋಗುವ ಸಣ್ಣ ಕ್ಲಿನಿಕ್ಕಿನಲ್ಲಿ ಚೀಟಿಯನ್ನು ಇಂದಿಗೂ ಕೈಯಲ್ಲೇ ಬರೆಯುತ್ತಾರೆ. ಅದನ್ನು ನಾವೇ ಫೋಟೊ ತೆಗೆದು ಆ್ಯಪ್‌ಗೆ ಸೇರಿಸಬೇಕು. ಹಾಗೆ ಸೇರಿಸಿದ ಕಾಗದಗಳನ್ನು ಒಟ್ಟಿಗೆ ಪಿಡಿಎಫ್ ಆಗಿ ಇಳಿಸಿಕೊಳ್ಳಲು ದಾರಿಯಿಲ್ಲದ ಆ್ಯಪ್ ಎಷ್ಟೇ ಅಂದವಾಗಿದ್ದರೂ ನಮ್ಮ ಪಟ್ಟಿಯಿಂದ ಹೊರಗುಳಿಯಿತು. ಗೌಪ್ಯತಾ ನೀತಿಯನ್ನೂ ಕೊನೆಯ ಸಾಲಿನವರೆಗೆ ಓದಿದೆವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಗೆ ಎಷ್ಟೇ ಮಹತ್ವ ಕೊಟ್ಟಿದ್ದರೂ, ಓದದೆ ಒತ್ತಿದ ಒಪ್ಪಿಗೆಯೂ ಒಪ್ಪಿಗೆಯೆಂದೇ ಲೆಕ್ಕಕ್ಕೆ ಬರುವ ಅಪಾಯ ಇದ್ದೇ ಇದೆ. ಔಷಧವನ್ನೋ ವಿಮೆಯನ್ನೋ ಮಾರುವ ಸಂಸ್ಥೆಯೇ ದಾಖಲೆಯನ್ನೂ ಕಾಯುತ್ತಿದ್ದರೆ, ಆ ಎರಡು ಕೆಲಸಗಳ ನಡುವೆ ಗೋಡೆ ಇದೆಯೇ ಎಂದು ನೋಡಲೇಬೇಕು.

ಇಷ್ಟಾಗಿಯೂ ನಿರ್ಧಾರ ನಮ್ಮಿಬ್ಬರದಲ್ಲ. ದೇಹ ಅಮ್ಮನದು, ದಾಖಲೆಯೂ ಅವರದೇ. ಆಭಾವನ್ನು ಅವರ ಮೊಬೈಲ್ ಸಂಖ್ಯೆಗೇ ಜೋಡಿಸಿದ್ದೇವೆ, ಒಟಿಪಿ ಅವರಿಗೇ ಬರುತ್ತದೆ. ಏನನ್ನು ಯಾರಿಗೆ ತೋರಿಸುತ್ತಿದ್ದೇವೆಂದು ಕನ್ನಡದಲ್ಲಿ ಬಿಡಿಸಿ ಹೇಳಿದ ಮೇಲೆಯೇ ಅವರು ಒತ್ತುತ್ತಾರೆ. ಹಳೆಯ ಶಸ್ತ್ರಚಿಕಿತ್ಸೆಯೊಂದರ ಕಾಗದಗಳನ್ನು ಸೇರಿಸುವುದು ಬೇಡವೆಂದರು, ಸೇರಿಸಲಿಲ್ಲ. ಸದ್ಯಕ್ಕೆ ಸರ್ಕಾರಿ ಆಭಾ ಆ್ಯಪ್ ಬಳಸುತ್ತಿದ್ದೇವೆ. ಪ್ರತಿ ವರದಿಯ ಪ್ರತಿಯೊಂದನ್ನು ದಿನಾಂಕದ ಹೆಸರಿನಲ್ಲಿ ತಂಗಿಯ ಕಂಪ್ಯೂಟರಿನಲ್ಲೂ ಇಡುತ್ತೇವೆ; ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು ಮತ್ತು ಒಗ್ಗದ ಔಷಧಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಅಮ್ಮನ ಕೈಚೀಲದಲ್ಲಿ ಇಟ್ಟಿದ್ದೇವೆ, ಏಕೆಂದರೆ ತುರ್ತು ಸಂದರ್ಭದಲ್ಲಿ ಅವರ ಫೋನಿನ ಲಾಕ್ ತೆಗೆಯಲು ನಾವಿಬ್ಬರೂ ಹತ್ತಿರದಲ್ಲಿರುವುದಿಲ್ಲ.