ಯುಗಾದಿಯ ಎಣ್ಣೆ ಸ್ನಾನ ಮತ್ತು ನಮ್ಮ ಯುಎಫ್

2024ರ ಏಪ್ರಿಲ್ 10. ಯುಗಾದಿಯ ಮರುದಿನ, ವರ್ಷತೊಡಕು. ಬೆಳಿಗ್ಗೆ ಎಂಟಕ್ಕೆ ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಆಪರೇಟರ್ ಫೋನ್ ಮಾಡಿದರು. "ಸಾರ್, ಯುಎಫ್ ಫಿಲ್ಟರ್ ನೀರು ಬಿಡ್ತಾ ಇಲ್ಲ. ಒಂದ್ಸಲ ಕೆಳಗೆ ಬನ್ನಿ."

ಆ ಬೇಸಿಗೆಯಲ್ಲಿ ಬೆಂಗಳೂರಲ್ಲಿದ್ದವರಿಗೆ ಈ ಮಾತು ಕೇಳಿದರೆ ಎದೆ ಧಸಕ್ ಅನ್ನುತ್ತದೆ. ನಮ್ಮ ಎರಡು ಬೋರ್‌ವೆಲ್‌ಗಳಲ್ಲಿ ಒಂದು ಫೆಬ್ರವರಿಯಲ್ಲೇ ಬತ್ತಿತ್ತು. ಕುಡಿಯೋ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಮಾರ್ಚ್‌ನಲ್ಲಿ ಆದೇಶ ಮಾಡಿತ್ತು. 110 ಮನೆಗಳ ಫ್ಲಶ್‌ಗೆ, ಗಿಡಗಳಿಗೆ ಬೇಸ್‌ಮೆಂಟಿನ ಆ ಎಸ್‌ಟಿಪಿ ನೀರೇ ಗತಿ. ಕಮಿಟಿಯಲ್ಲಿ ನೀರಿನ ಜವಾಬ್ದಾರಿ ನನ್ನದು.

ಕೆಳಗಿಳಿದು ನೋಡಿದೆ. ಯುಎಫ್‌ಗೆ ಒಳಹೋಗುವ ಕಡೆ ಮೀಟರ್ (ಚದರ ಸೆಂಟಿಮೀಟರಿಗೆ) 1.8 ಕೇಜಿ ಪ್ರೆಶರ್ ತೋರಿಸುತ್ತಿತ್ತು, ಹೊರಬರುವ ಕಡೆ 0.4. ಎರಡರ ನಡುವಿನ ವ್ಯತ್ಯಾಸ ಅರ್ಧ ಕೇಜಿ ದಾಟಬಾರದು ಅಂತ ಆಪರೇಟರ್ ನನಗೆ ಮೊದಲೇ ಹೇಳಿಕೊಟ್ಟಿದ್ದರು. ಗಂಟೆಗೆ 6,000 ಲೀಟರ್ ಬರಬೇಕಾದ ಕಡೆ 2,000 ಕೂಡ ಬರುತ್ತಿರಲಿಲ್ಲ.

ಯುಎಫ್ ಅಂದರೆ ಅಲ್ಟ್ರಾಫಿಲ್ಟ್ರೇಶನ್. ಉದ್ದನೆಯ ಪೈಪಿನೊಳಗೆ ಶಾವಿಗೆಯಂಥ ಸಾವಿರಾರು ಟೊಳ್ಳು ಎಳೆಗಳು. ಎಳೆಯ ಗೋಡೆಯಲ್ಲಿರುವ ರಂಧ್ರ ಸುಮಾರು 0.02 ಮೈಕ್ರಾನ್. ನಮ್ಮ ತಲೆಕೂದಲೇ 70 ಮೈಕ್ರಾನ್ ಆಸುಪಾಸು ದಪ್ಪ, ಯೋಚಿಸಿ ನೋಡಿ. ಬ್ಯಾಕ್ಟೀರಿಯಾ ಕೂಡ ದಾಟಲಾರದು. ಕರಗಿದ ಉಪ್ಪು ಮಾತ್ರ ದಾಟುತ್ತದೆ, ಅದನ್ನು ತಡೆಯೋಕೆ ಆರ್‌ಒ ಬೇಕು. ಇಷ್ಟು ಸಣ್ಣ ರಂಧ್ರದ ಮುಂದೆ ಕೊಳೆ ಬಂದು ನಿಲ್ಲದ ಹಾಗೆ ನೋಡಿಕೊಳ್ಳೋದು ಅದಕ್ಕಿಂತ ಹಿಂದಿನ ಮರಳು ಫಿಲ್ಟರ್, ಕಾರ್ಬನ್ ಫಿಲ್ಟರ್‌ಗಳ ಕೆಲಸ.

"ಮರಳು ಫಿಲ್ಟರ್ ಬ್ಯಾಕ್‌ವಾಶ್ ಯಾವಾಗ ಮಾಡಿದ್ರಿ ಅಣ್ಣ?" ಅಂತ ಕೇಳಿದೆ. ಬ್ಯಾಕ್‌ವಾಶ್ ಅಂದರೆ ನೀರನ್ನು ಹಿಮ್ಮುಖವಾಗಿ ಹಾಯಿಸಿ ಫಿಲ್ಟರಿನ ಕೊಳೆ ತೊಳೆಯೋದು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ವಾರಕ್ಕೊಂದ್ಸಲ ಸಾಕು ಅಂತ ನೀವೇ ಹೇಳಿದ್ರಲ್ಲ ಸಾರ್" ಅಂದರು.

ಹೌದು, ನಾನೇ ಹೇಳಿದ್ದೆ. ಬ್ಯಾಕ್‌ವಾಶ್‌ಗೆ ದಿನಾ ಅಷ್ಟೊಂದು ನೀರು ಹೋಗುತ್ತಲ್ಲ ಅನ್ನೋ ಸಂಕಟಕ್ಕೆ. ಆ ನೀರು ಎಲ್ಲಿಗೆ ಹೋಗುತ್ತದೆ ಅಂತ ಅವತ್ತು ಪೈಪ್ ಹಿಡಿದು ತೋರಿಸಿದರು. ನೇರವಾಗಿ ಮೊದಲನೇ ಕಲೆಕ್ಷನ್ ಟ್ಯಾಂಕಿಗೆ! ಮತ್ತೆ ಶುದ್ಧವಾಗಿ ನಮಗೇ ವಾಪಸ್ ಬರುವ ನೀರು. ಒಂದು ಬಿಂದಿಗೆಯಷ್ಟೂ ಉಳಿಸಿರಲಿಲ್ಲ ನಾನು. ಅವರಿಗೆ ಇದು ಮೊದಲೇ ಗೊತ್ತಿತ್ತು. ನಾನು ಕೇಳಿರಲಿಲ್ಲ.

ಮರಳು ಫಿಲ್ಟರಿನ ಮೇಲಿನ ಮುಚ್ಚಳ ಬಿಚ್ಚಿದೆವು. ಟಾರ್ಚ್ ಹಾಕಿದರೆ ಮರಳೇ ಕಾಣಲಿಲ್ಲ. ಮೇಲೆ ಬೂದು ಬಣ್ಣದ ಲೋಳೆ, ಅದರ ಕೆಳಗೆ ನಿಂಬೆಹಣ್ಣಿನ ಗಾತ್ರದ ಉಂಡೆಗಳು. ಗ್ಲೌಸ್ ಹಾಕಿಕೊಂಡು ಒಂದನ್ನು ತೆಗೆದು ಒಡೆದರು. ಒಳಗೆ ಮರಳು, ಕೂದಲು, ಜಿಡ್ಡು. ಮೂಗಿನ ಹತ್ತಿರ ತಂದರೆ ಕೊಳಚೆ ವಾಸನೆಯ ನಡುವೆಯೂ ಹರಳೆಣ್ಣೆ, ಸೀಗೆಪುಡಿಯ ವಾಸನೆ ಸ್ಪಷ್ಟವಾಗಿ ಬರುತ್ತಿತ್ತು. ಹಿಂದಿನ ದಿನ ನಮ್ಮಮ್ಮ ನನ್ನ ನೆತ್ತಿಗೆ ತಟ್ಟಿದ್ದ ಅದೇ ಎಣ್ಣೆ.

110 ಮನೆಗಳಲ್ಲೂ ಒಂದೇ ಬೆಳಿಗ್ಗೆ ಎಣ್ಣೆ ಸ್ನಾನ. ನಮ್ಮಲ್ಲಿ ಜಿಡ್ಡು ತಡೆಯುವ ತೊಟ್ಟಿ ಇರೋದು ಅಡುಗೆಮನೆ ಲೈನಿಗೆ ಮಾತ್ರ, ಬಚ್ಚಲ ನೀರಿಗೆ ಇಲ್ಲ. ಸೀಗೆ, ಸೋಪು ಸೇರಿದ ಎಣ್ಣೆ ನೀರಿನ ಮೇಲೆ ತೇಲೋದೂ ಇಲ್ಲ, ಹಾಲಿನ ಹಾಗೆ ಬೆರೆತುಬಿಡುತ್ತದೆ. ಗಾಳಿ ಊದುವ ಏರೇಷನ್ ಟ್ಯಾಂಕಿನ ಬ್ಯಾಕ್ಟೀರಿಯಾ ಅಷ್ಟೋ ಇಷ್ಟೋ ತಿನ್ನುತ್ತವೆ, ಆದರೆ ಒಂದೇ ದಿನಕ್ಕೆ ಅಷ್ಟನ್ನೂ ಅಲ್ಲ. ಮರಳು ಮೊದಲೇ ಕಟ್ಟಿಕೊಂಡಿತ್ತು. ಉಳಿದ ಜಿಡ್ಡು ನೇರ ಯುಎಫ್‌ನ ಎಳೆಗಳಿಗೇ ಹೋಗಿ ಅಂಟಿತ್ತು.

ಮೇಲಿನ ಎರಡು ಇಂಚು ಮರಳನ್ನು ಬಕೆಟ್ಟಿಗೆ ತೋಡಿ ಹಾಕಿದೆವು. ಉಳಿದದ್ದಕ್ಕೆ ಅರ್ಧ ಗಂಟೆ ಬ್ಯಾಕ್‌ವಾಶ್. ಆಮೇಲೆ ಯುಎಫ್. ಮೊದಲು ಕಾಸ್ಟಿಕ್ ಸೋಡಾ ಮತ್ತು ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬ್ಲೀಚ್) ಬೆರೆಸಿದ ನೀರನ್ನು ಸುತ್ತಿಸಿ ನೆನೆಯಲು ಬಿಟ್ಟರು, ಅದು ಜಿಡ್ಡಿಗೆ. ಹೊರಬಂದ ನೀರು ಡಿಕಾಕ್ಷನ್ ಬಣ್ಣ, ಮೇಲೆ ನೊರೆ. ಆಮೇಲೆ ಬೋರ್‌ವೆಲ್ ಗಡಸು ನೀರಿನ ಬಿಳಿ ಪದರಕ್ಕೆ ಸಿಟ್ರಿಕ್ ಆಸಿಡ್. ಎರಡರ ನಡುವೆ ಒಳ್ಳೆ ನೀರಲ್ಲಿ ಮತ್ತೆ ಮತ್ತೆ ತೊಳೆದರು. ಯಾಕೆ ಅಷ್ಟು ಸಲ ಅಂತ ಕೇಳಿದ್ದಕ್ಕೆ, "ಹೈಪೋ, ಆಸಿಡ್ ಸೇರಿದ್ರೆ ಕ್ಲೋರಿನ್ ಗ್ಯಾಸ್ ಏಳುತ್ತೆ ಸಾರ್. ಈ ಬೇಸ್‌ಮೆಂಟಲ್ಲಿ ಓಡೋಕೂ ಆಗಲ್ಲ" ಅಂದರು. ಅವರು ಶಿರಾ ಕಡೆಯವರು. ಹಬ್ಬಕ್ಕೆ ಊರಿಗೆ ಹೋಗದೆ ಉಳಿದಿದ್ದರು. ಮಧ್ಯಾಹ್ನ ನಮ್ಮ ಮನೆಯಿಂದ ಊಟ ತಂದೆ, ಅಲ್ಲೇ ಮೆಟ್ಟಿಲ ಮೇಲೆ ಕೂತು ಇಬ್ಬರೂ ಉಂಡೆವು.

ಸಂಜೆ ಏಳಕ್ಕೆ ಪಂಪ್ ಹಾಕಿದಾಗ ವ್ಯತ್ಯಾಸ 0.5ಕ್ಕೆ ಇಳಿದಿತ್ತು. ಗಂಟೆಗೆ 5,000 ಲೀಟರ್ ದಾಟಿತು. ಹೊಸದರಷ್ಟು ಅಲ್ಲ, ಆದರೆ ಫ್ಲಶ್ ಟ್ಯಾಂಕ್ ತುಂಬಿತು.

ಅವತ್ತಿನಿಂದ ಮರಳು ಫಿಲ್ಟರಿಗೆ ದಿನಾ ಬ್ಯಾಕ್‌ವಾಶ್. ಎಷ್ಟು ಹೊತ್ತು ಅನ್ನೋದು ಆಪರೇಟರ್ ತೀರ್ಮಾನ, ಕಮಿಟಿಯದಲ್ಲ. ಇದನ್ನು ಮೀಟಿಂಗಿನಲ್ಲಿ ನಾನೇ ಬರೆಸಿದೆ. ದೀಪಾವಳಿಗೆ ಮುಂಚೆ ಮನೆ ಮನೆಗೆ ಹೋಗಿ, ಸ್ನಾನಕ್ಕೆ ಮೊದಲು ಮೈಮೇಲಿನ ಎಣ್ಣೆಯನ್ನು ಹಳೇ ಬಟ್ಟೆಯಲ್ಲಿ ಒರೆಸಿಕೊಳ್ಳಿ ಅಂತ ಕೇಳಿಕೊಂಡೆ. ವಯಸ್ಸಾದವರೊಬ್ಬರು ಸಿಟ್ಟಾದರು. ಅವರನ್ನು ಕೆಳಗೆ ಕರೆದುಕೊಂಡು ಹೋಗಿ ಬಾಟಲಿಯಲ್ಲಿ ಎತ್ತಿಟ್ಟಿದ್ದ ಆ ಉಂಡೆ ತೋರಿಸಿದೆ. ಮೊಮ್ಮಗನಿಗೂ ತೋರಿಸಬೇಕು ಅಂತ ಅವನನ್ನು ಕೂಗಿದರು.

ನೀರು ತುಂಬೋ ಹಬ್ಬದ ರಾತ್ರಿ ಮಲಗುವ ಮುಂಚೆ ಮರಳು, ಕಾರ್ಬನ್ ಎರಡಕ್ಕೂ ಬ್ಯಾಕ್‌ವಾಶ್ ಆಗಿತ್ತು. ನರಕ ಚತುರ್ದಶಿ ಬೆಳಿಗ್ಗೆ ಅಮ್ಮ ಎಣ್ಣೆ ಬಟ್ಟಲು ಹಿಡಿದು ಕರೆಯುತ್ತಿದ್ದರು, ನಾನು ಫೋನ್ ನೋಡುತ್ತಿದ್ದೆ. ಹತ್ತು ಗಂಟೆಗೆ ಮೀಟರಿನ ಫೋಟೋ ಬಂತು. ಕೆಳಗೆ ಒಂದು ಸಾಲು: "ಅರ್ಧ ಕೇಜಿನೇ ಇದೆ ಸಾರ್. ನೀವೂ ಎಣ್ಣೆ ಹಚ್ಕೊಳ್ಳಿ."