14 ಅಲ್ಲ, 15 ಅಡಿ: ಬೋಟಿನ ಸ್ಟೇರಿಂಗ್ ಕೇಬಲ್ ಬದಲಿಸಿದ ದಿನಚರಿ

ಸೆಪ್ಟೆಂಬರ್ 7, ಭಾನುವಾರ

ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ನಾಲ್ಕು ತಿಂಗಳಿಂದ ಅಂಗಳದಲ್ಲಿ ತಾಡಪಾಲು ಹೊದ್ದು ಮಲಗಿದ್ದ ಬೋಟನ್ನು ಕಾರವಾರದ ಕೋಡಿಬಾಗದಲ್ಲಿ ನೀರಿಗೆ ಇಳಿಸಿದೆವು. 16 ಅಡಿಯ ಫೈಬರ್ ಬೋಟು, ಹಿಂದೆ 40 ಹಾರ್ಸ್‌ಪವರ್ ಔಟ್‌ಬೋರ್ಡ್ ಎಂಜಿನ್. ಗೋವಾದಲ್ಲಿ ಸೆಕೆಂಡ್‌ಹ್ಯಾಂಡ್ ತಗೊಂಡು ನಾಲ್ಕು ವರ್ಷ ಆಯಿತು. ಮೀನು ಹಿಡಿಯುವುದಕ್ಕಲ್ಲ, ಸುಮ್ನೆ ಖುಷಿಗೆ. ರಜೆಯ ದಿನ ಕಾಳಿ ನದಿಯಲ್ಲಿ ಕಡವಾಡದ ತನಕ ಹೋಗಿ ಬರುವುದು, ಸಮುದ್ರ ಶಾಂತ ಇದ್ದರೆ ದೇವಬಾಗದ ಕಡೆ ಒಂದು ಸುತ್ತು, ಅಷ್ಟೇ.

ಹೊರಡುವಾಗಲೇ ಸ್ಟೇರಿಂಗ್ ಚಕ್ರ ಬಿಗಿ ಅನ್ನಿಸಿತ್ತು. ಮಳೆಗಾಲದಲ್ಲಿ ನಿಂತಿದೆಯಲ್ಲ, ನಾಲ್ಕು ಸಲ ತಿರುಗಿಸಿದರೆ ಸಡಿಲ ಆಗುತ್ತದೆ ಅಂದುಕೊಂಡೆ. ಆಗಲಿಲ್ಲ.

ಇವತ್ತು ಹುಣ್ಣಿಮೆ, ಇಳಿತ ಜೋರು. ಮಳೆಗಾಲದ ನೀರು ಬೇರೆ ಮೇಲಿಂದ ಬರುತ್ತಿತ್ತು. ಮಧ್ಯಾಹ್ನ ವಾಪಸ್ ಬರುವಾಗ ಸೇತುವೆಯ ಹತ್ತಿರ ಹೊಳೆ ಸಮುದ್ರದ ಕಡೆ ಓಡುತ್ತಿತ್ತು ಅನ್ನಬಹುದು. 2024ರ ಆಗಸ್ಟ್ 7ರಂದು ಹಳೆ ಸೇತುವೆ ಬಿದ್ದ ಮೇಲೆ ನಾನಂತೂ ಆ ಜಾಗದಲ್ಲಿ ನಿಧಾನ, ಕಂಬಗಳ ನಡುವೆ ಸರಿಯಾಗಿ ಮಧ್ಯ ಹಿಡಿದೇ ಹೋಗುವುದು. ಇವತ್ತು ಎಡಕ್ಕೆ ಸ್ವಲ್ಪ ತಿರುಗಿಸಿದೆ, ತಿರುಗಿತು. ಬಲಕ್ಕೆ ತರಲು ಹೋದರೆ ಚಕ್ರ ಅಲ್ಲಾಡುವುದೇ ಇಲ್ಲ. ಎರಡೂ ಕೈ ಹಾಕಿ ಎಳೆದೆ. ಬೋಟು ಓರೆಯಾಗಿ ಕಂಬದ ಕಡೆ ಜಾರುತ್ತಿದೆ.

ಭಾವ ಹಿಂದೆ ಕೂತಿದ್ದ. ಅವನಿಗೆ ಬೋಟಿನ ವಿಷಯ ಏನೂ ಗೊತ್ತಿಲ್ಲ, ಆದರೆ ಗಾಬರಿ ಬೀಳುವವನಲ್ಲ. ಎಂಜಿನ್ನನ್ನು ಕರು ತಬ್ಬಿದ ಹಾಗೆ ತಬ್ಬಿ ನೂಕಿದ. ಅವನು ನೂಕುತ್ತಾ, ನಾನು ಚಕ್ರ ಎಳೆಯುತ್ತಾ, ಕಡೆಗೂ ಮೂತಿ ತಿರುಗಿತು. ಕಂಬಕ್ಕೂ ನಮಗೂ ಎರಡು ಮಾರು ಅಂತರ ಇತ್ತೇನೋ. ದಡ ಮುಟ್ಟುವ ತನಕ ಇಬ್ಬರೂ ಹಾಗೇ ಓಡಿಸಿದೆವು. ಮನೆಗೆ ಬಂದ ಮೇಲೆ ಅಮ್ಮ, "ಗ್ರಹಣದ ದಿನ ಹೊಳೆಗೆ ಹೋಗ್ಬೇಡ ಅಂದಿದ್ದೆ" ಅಂದರು. ಗ್ರಹಣ ರಾತ್ರಿಗೆ ಇದ್ದಿದ್ದು. ವಾದ ಮಾಡಲಿಲ್ಲ.

ಸೆಪ್ಟೆಂಬರ್ 14

ಮೊದಲು ರೋಗ ಎಲ್ಲಿದೆ ನೋಡಬೇಕು. ಬಿಗಿ ಆಗುವುದಕ್ಕೆ ಮೂರು ಜಾಗ ಇವೆ. ಚಕ್ರದ ಹಿಂದಿನ ಹೆಲ್ಮ್, ಅಂದರೆ ಗೇರ್ ಇರುವ ಡಬ್ಬಿ. ಕೇಬಲ್. ಎಂಜಿನ್ ಎಡ ಬಲ ತಿರುಗುವ ಬ್ರಾಕೆಟ್.

ಕೇಬಲ್ ಕೆಲಸ ಮಾಡುವ ರೀತಿ ಸರಳ. ಚಕ್ರ ತಿರುಗಿಸಿದರೆ ಹೆಲ್ಮ್ ಕೇಬಲ್ಲಿನ ಒಳಗಿನ ತಂತಿಯನ್ನು ನೂಕುತ್ತದೆ ಅಥವಾ ಎಳೆಯುತ್ತದೆ. ತಂತಿಯ ಇನ್ನೊಂದು ತುದಿಯಲ್ಲಿ ಬೆರಳು ದಪ್ಪದ ಒಂದು ಸ್ಟೀಲ್ ರಾಡು, 5/8 ಇಂಚಿನದು. ಅದು ಎಂಜಿನ್ನಿನ ಟಿಲ್ಟ್ ಟ್ಯೂಬ್ ಒಳಗೆ ಹಾದು ಆಚೆ ಕಡೆ ಹೊರಗೆ ಬರುತ್ತದೆ. ಎಂಜಿನ್ ಮೇಲೆತ್ತುವಾಗ ಯಾವ ಕೊಳವೆಯ ಮೇಲೆ ಮಡಚುತ್ತದೋ, ಅದೇ ಟಿಲ್ಟ್ ಟ್ಯೂಬ್. ರಾಡಿನ ತುದಿಯಿಂದ ಎಂಜಿನ್ನಿಗೆ ಒಂದು ಸಣ್ಣ ಲಿಂಕ್.

ಆ ಲಿಂಕ್ ಬಿಚ್ಚಿದೆ. ಎಂಜಿನ್ ಒಂದೇ ಕೈಯಲ್ಲಿ ಬಾಗಿಲಿನ ಹಾಗೆ ತಿರುಗಿತು. ಬ್ರಾಕೆಟ್ ಸರಿ ಇದೆ. ಹೆಲ್ಮಿನ ಪಿನ್ ತೆಗೆದು, ಚಕ್ರ ತಿರುಗಿಸುತ್ತಾ ಕೇಬಲ್ಲಿನ ಆ ತುದಿ ಬಿಡಿಸಿದೆ. ಚಕ್ರವೂ ಹಗುರ. ಉಳಿದಿದ್ದು ಕೇಬಲ್. ಟ್ಯೂಬಿನ ಬಾಯಲ್ಲಿದ್ದ ದೊಡ್ಡ ನಟ್ ಬಿಚ್ಚಿ ಎಳೆದೆ. ರಾಡು ಟ್ಯೂಬಿನ ಒಳಗೇ ಹುಟ್ಟಿದ ಹಾಗೆ ಕೂತಿದೆ. ಸುತ್ತಿಗೆ ತಗೊಂಡೆ, ಆಮೇಲೆ ಬುದ್ಧಿ ಬಂದು ಕೆಳಗಿಟ್ಟೆ.

ಸಂಜೆ ಬೈತಖೋಲದ ಮೇಸ್ತ್ರಿ ಬಂದರು. ಟ್ರಾಲರಿನವರ ಎಂಜಿನ್ ನೋಡಿ ತಲೆ ಹಣ್ಣಾದವರು. ನನ್ನದು ಅವರಿಗೆ ಆಟಿಕೆ.

"ಗ್ರೀಸ್ ಹೊಡೀವಾಗ ರಾಡು ಒಳಗಿತ್ತಾ, ಹೊರಗಿತ್ತಾ?"

ನೆನಪಿಲ್ಲ ಅಂದೆ. ನೆನಪಿತ್ತು. ಹೊರಗಿತ್ತು.

"ಎಂತಾ ಮಾಡಿಟ್ರಿ ಮಾರಾಯ್ರೆ. ರಾಡು ಪೂರ್ತಿ ಒಳಗೆ ಎಳ್ಕೊಂಡು ಆಮೇಲೆ ಗ್ರೀಸ್ ಹೊಡೀಬೇಕು. ಹೊರಗಿದ್ದಾಗ ಹೊಡೆದ್ರೆ ಗ್ರೀಸ್ ಒಳಗೆ ತುಂಬ್ತದೆ, ರಾಡು ವಾಪಸ್ ಹೋಗ್ಲಿಕ್ಕೆ ಜಾಗ ಎಲ್ಲಿ?"

ಎಂಜಿನ್ನಿನ ಜೊತೆ ಬಂದ ಪುಸ್ತಕದಲ್ಲೂ ಇದೇ ಎಚ್ಚರಿಕೆ ಇದೆ, ದಪ್ಪ ಅಕ್ಷರದಲ್ಲಿ. ನಾಲ್ಕು ವರ್ಷದಲ್ಲಿ ಆ ಪುಟ ತೆರೆದಿದ್ದು ಇವತ್ತೇ. ಇನ್ನೊಂದು ತಪ್ಪೂ ನನ್ನದೇ. ಮೇ ತಿಂಗಳಲ್ಲಿ ಎಂಜಿನ್ ಪೂರ್ತಿ ಒಂದು ಕಡೆ ತಿರುಗಿಸಿ ನಿಲ್ಲಿಸಿದ್ದೆ, ತಾಡಪಾಲು ಚೆನ್ನಾಗಿ ಕೂರಲಿ ಅಂತ. ರಾಡು ನಾಲ್ಕು ತಿಂಗಳು ಹೊರಗೆ ಚಾಚಿಕೊಂಡು ಉಪ್ಪುಗಾಳಿ ಕುಡಿಯಿತು.

ಸೆಪ್ಟೆಂಬರ್ 15ರಿಂದ 20

ಮೇಸ್ತ್ರಿ ಹೇಳಿದ ಔಷಧ: ದಿನಕ್ಕೆ ಎರಡು ಸಲ ಟ್ಯೂಬಿನ ಎರಡೂ ಬಾಯಿಗೆ ತುಕ್ಕು ಬಿಡಿಸುವ ಎಣ್ಣೆ, ಸಂಜೆ ಒಂದು ಸಲ ರಾಡನ್ನು ತಿರುಚುವುದು. ಎಳೆಯುವುದಲ್ಲ, ತಿರುಚುವುದು. ಈ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ. ಎಳೆದರೆ ಟ್ಯೂಬಿನ ಉದ್ದಕ್ಕೂ ಹಿಡಿದ ತುಕ್ಕು ಒಟ್ಟಿಗೆ ಜಗಳಕ್ಕೆ ನಿಲ್ಲುತ್ತದೆ. ತಿರುಚಿದರೆ ಒಂದು ಕೂದಲಷ್ಟು ಸರಿದರೂ ಎಣ್ಣೆಗೆ ದಾರಿ ಆಗುತ್ತದೆ. ಬೆಂಕಿ ತೋರಿಸಿದರೆ ಬೇಗ ಬರುತ್ತದೆ ಅಂತ ಭಾವ ಅಂದ. ಎರಡು ಅಡಿ ದೂರದಲ್ಲಿ ಪೆಟ್ರೋಲ್ ಪೈಪ್ ಇದೆ ಭಾವ, ಬೇಡ ಅಂದೆ.

ನಾಲ್ಕು ದಿನ ಏನೂ ಇಲ್ಲ. ಶುಕ್ರವಾರ ಸಂಜೆ ಕಿರ್ ಅಂತ ಒಂದು ಸದ್ದು. ಅಷ್ಟು ಚಿಕ್ಕ ಸದ್ದಿಗೆ ಅಷ್ಟು ಖುಷಿ ಪಟ್ಟಿದ್ದು ನೆನಪಿಲ್ಲ.

ಶನಿವಾರ ಮೇಸ್ತ್ರಿ ಬಂದು, ಟ್ಯೂಬಿನ ಬಾಯಿಯ ಹತ್ತಿರ ಹ್ಯಾಕ್ಸಾದಿಂದ ಕೇಬಲ್ ಕೊಯ್ದರು. ಹೇಗೂ ಎಸೆಯುವುದೇ. ಆಮೇಲೆ ಟ್ಯೂಬಿಗಿಂತ ತುಸು ಸಣ್ಣ ಸರಳು ಇಟ್ಟು, ಮರದ ತುಂಡಿನ ಮೇಲೆ ಸಣ್ಣ ಸಣ್ಣ ಏಟು. ಒಂದೊಂದು ಏಟಿಗೂ ಕಂದು ಬಣ್ಣದ ಗಸಿ ಹೊರಗೆ ಬಂತು. ನನ್ನ ಹಳೆ ಗ್ರೀಸ್, ಹಳಸಿದ ಬೆಲ್ಲದ ಪಾಕದ ಹಾಗೆ ಗಟ್ಟಿ. ಮುಕ್ಕಾಲು ಗಂಟೆಯಲ್ಲಿ ರಾಡು ಠಣ್ ಅಂತ ಅಂಗಳಕ್ಕೆ ಬಿತ್ತು.

ಟ್ಯೂಬ್ ಚೊಕ್ಕ ಮಾಡುವುದು ನನ್ನ ಪಾಲಿಗೆ. ಬಿದಿರಿನ ಕಡ್ಡಿಗೆ ಎಮೆರಿ ಪೇಪರ್ ಸುತ್ತಿ ಉಜ್ಜಿದೆ, ಡೀಸೆಲ್ ಹಾಕಿ ತೊಳೆದೆ, ಮತ್ತೆ ಉಜ್ಜಿದೆ. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಕನ್ನಡಿ ಅಲ್ಲದಿದ್ದರೂ ಸ್ಟೀಲ್ ಲೋಟದಷ್ಟು ಹೊಳಪು.

ಉಳಿದ ಕೇಬಲ್ ಎಳೆಯುವ ಮೊದಲು ಅದರ ಹಿಂದಿನ ತುದಿಗೆ ನೈಲಾನ್ ಹಗ್ಗ ಕಟ್ಟಿದೆ. ಚಕ್ರದ ಕಡೆಯಿಂದ ಎಳೆದರೆ ಕೇಬಲ್ ಹೊರಗೆ ಬರುತ್ತದೆ, ಹಗ್ಗ ಆ ದಾರಿಯಲ್ಲೇ ಉಳಿಯುತ್ತದೆ. ಹೊಸದನ್ನು ಅದೇ ಹಗ್ಗದಿಂದ ಎಳೆಯಬಹುದು. ಇದನ್ನು ಮರೆತರೆ ಬೋಟಿನ ಪಕ್ಕದ ಗೂಡಿನಲ್ಲಿ ಕೈ ತೂರಿಸಿ ಒಂದು ದಿನ ಕಳೆಯಬೇಕಾಗುತ್ತದೆ.

ಸೆಪ್ಟೆಂಬರ್ 21, ಮಹಾಲಯ ಅಮಾವಾಸ್ಯೆ

ಹಳೆ ಕೇಬಲ್ಲಿನ ಮೇಲೆ ಉದ್ದ ಅಚ್ಚಾಗಿದೆ: 14 ಅಡಿ. ಅದನ್ನೇ ತರಿಸಿದರಾಯಿತು ಅಂತ ಫೋನ್ ಕೈಗೆ ತಗೊಂಡಿದ್ದೆ. ಸುಮ್ನೆ ಕುತೂಹಲಕ್ಕೆ ಕೇಬಲ್ಲನ್ನು ಅಂಗಳದಲ್ಲಿ ಚಾಚಿ ನೋಡಿದೆ. ಹಿಂಭಾಗದಲ್ಲಿ, ಎಂಜಿನ್ನಿಗೆ ಹೋಗುವ ತಿರುವಿನ ಜಾಗದಲ್ಲಿ, ಕಪ್ಪು ಹೊದಿಕೆ ಹಿಮ್ಮಡಿ ಒಡೆದ ಹಾಗೆ ಒಡೆದಿತ್ತು. ನಾಲ್ಕೈದು ಸೀಳು. ಅಲ್ಲೇ ಕೊಯ್ದೆ. ಒಳಗಿಂದ ಚಹಾದ ಬಣ್ಣದ ನೀರು ಎರಡು ಹನಿ, ಆಮೇಲೆ ಕೆಂಪು ಪುಡಿ. ಸುರುಳಿ ತಂತಿ ಉಗುರಿನಿಂದ ಕೆರೆದರೂ ಉದುರುತ್ತಿತ್ತು. ಒಂದು ಅಡಿ ಆಚೆ ಕೊಯ್ದರೆ ಅದೇ ತಂತಿ ಹೊಸದರ ಹಾಗೆ.

ಹಾಗಾದರೆ ಗ್ರೀಸ್ ಒಂದೇ ಅಲ್ಲ ಕಾರಣ. ಆ ತಿರುವಿನಲ್ಲಿ ಏನೋ ಇದೆ.

ಇಂಥ ಕೇಬಲ್ಲನ್ನು 8 ಇಂಚಿಗಿಂತ ಕಡಿಮೆ ತ್ರಿಜ್ಯಕ್ಕೆ ಬಗ್ಗಿಸಬಾರದು. ಅಂದರೆ ತಿರುವು ಒಂದು ದೊಡ್ಡ ಹರಿವಾಣದ ಅಂಚಿನಷ್ಟು ಅಗಲ ಇರಬೇಕು. ನನ್ನ ಬೋಟಿನಲ್ಲಿ ಅದು ಊಟದ ತಟ್ಟೆಯಷ್ಟೂ ಇರಲಿಲ್ಲ. ಹಳೆ ಫೋಟೋ ತೆಗೆದು ನೋಡಿದೆ, ನಾನು ಕೊಂಡ ದಿನದ್ದು. ಅವತ್ತೂ ಹಾಗೇ ಇತ್ತು. ಕೇಬಲ್ ಗಿಡ್ಡ. ಯಾರೋ ಸಿಕ್ಕಿದ್ದನ್ನು ಹಾಕಿ, ಸಾಲದ್ದಕ್ಕೆ ಎಳೆದು ಬಗ್ಗಿಸಿ ನಟ್ ಬಿಗಿದಿದ್ದಾರೆ. ನಾನು ನಾಲ್ಕು ವರ್ಷ ಅದನ್ನು ದಿನಾ ನೋಡಿಯೂ ನೋಡಿಲ್ಲ.

ಅಳತೆ ಲೆಕ್ಕ ಹೀಗೆ. ಈ ಜಾತಿಯ ರೋಟರಿ ಹೆಲ್ಮಿನ ಕೇಬಲ್ಲಿಗೆ ಪ್ಲಾಸ್ಟಿಕ್ ಹೊದಿಕೆಯ ಉದ್ದ ಮಾತ್ರ ಅಳೆಯಬೇಕು, ಅದಕ್ಕೆ 18 ಇಂಚು ಕೂಡಿಸಬೇಕು, ಬಂದದ್ದನ್ನು ಮುಂದಿನ ಪೂರ್ತಿ ಅಡಿಗೆ ಏರಿಸಬೇಕು. ಹಳೆಯದರ ತುಂಡುಗಳನ್ನು ಜೋಡಿಸಿದರೆ ಹೊದಿಕೆ 150 ಇಂಚು. 18 ಸೇರಿ 168, ಸರಿಯಾಗಿ 14 ಅಡಿ. ಈಗ ದಪ್ಪ ಹಗ್ಗ ತಗೊಂಡು, ತಿರುವುಗಳನ್ನು ಹರಿವಾಣದ ಸುತ್ತ ಬರುವ ಹಾಗೆ ಬಿಟ್ಟು, ಹೆಲ್ಮಿನಿಂದ ಟ್ಯೂಬಿನ ತನಕ ಹಾಸಿದೆ. 161 ಇಂಚು. 18 ಸೇರಿ 179. ಬೇಕಾದದ್ದು 15 ಅಡಿಯ ಕೇಬಲ್.

ಹನ್ನೊಂದು ಇಂಚಿನ ಕೊರತೆ. ನಂಬರ್ ನೋಡಿ ತರಿಸಿದ್ದರೆ ಹಳೆಯವರ ತಪ್ಪನ್ನೇ ಹೊಸ ದುಡ್ಡು ಕೊಟ್ಟು ಕೊಳ್ಳುತ್ತಿದ್ದೆ.

ಸೆಪ್ಟೆಂಬರ್ 29

ಪಾರ್ಸೆಲ್ ಬಂತು. ಬಿಚ್ಚಿದೆ. 14 ಅಡಿ.

ಅಂಗಡಿಯವರಿಗೆ ಫೋನ್ ಮಾಡಿದೆ. "ಸರ್, ನೀವು ಕಳಿಸಿದ ಫೋಟೋದಲ್ಲಿ 14 ಅಂತಾನೇ ಇತ್ತಲ್ವಾ? ನೀವು 15 ಅಂತ ತಪ್ಪಿ ಬರೆದಿದ್ದೀರಿ ಅಂದ್ಕೊಂಡ್ವಿ." ಹೆಲ್ಮಿಗೆ ಹೊಂದುವ ಜಾತಿ ಯಾವುದು ಗೊತ್ತಾಗಲಿ ಅಂತ ಫೋಟೋ ಕಳಿಸಿದ್ದು ನಾನೇ. ಸಿಟ್ಟು ಬಂತು, ಯಾರ ಮೇಲೆ ಅಂತ ತಿಳಿಯಲಿಲ್ಲ. ವಾಪಸ್ ಕಳಿಸುವ ಖರ್ಚು ಅರ್ಧ ಅರ್ಧ ಅಂತ ಒಪ್ಪಂದ.

ಅಕ್ಟೋಬರ್ 1, ಆಯುಧ ಪೂಜೆ

ಸ್ಟೇರಿಂಗ್ ಇಲ್ಲದ ಬೋಟಿಗೂ ಪೂಜೆ. ಚಕ್ರಕ್ಕೆ ಚೆಂಡು ಹೂವಿನ ಮಾಲೆ. ಎಷ್ಟು ಬೇಕಾದರೂ ತಿರುಗಿಸಬಹುದು, ಏನೂ ಆಗುವುದಿಲ್ಲ. ಮಗಳು ಅರ್ಧ ಗಂಟೆ ಗಿರಗಿರ ತಿರುಗಿಸಿ ಕುರುಮಗಡ ದ್ವೀಪಕ್ಕೆ ಹೋಗಿ ಬಂದಳಂತೆ.

ಅಕ್ಟೋಬರ್ 12

15 ಅಡಿಯದ್ದು ಗುರುವಾರ ಬಂತು. ಇವತ್ತು ಜೋಡಣೆ.

ಹಗ್ಗಕ್ಕೆ ಕಟ್ಟಿ ಎಳೆದಿದ್ದು ಐದು ನಿಮಿಷದ ಕೆಲಸ. ಭಾವ ಮುಂದಿನಿಂದ ಬಿಡುತ್ತಾ, ನಾನು ಹಿಂದಿನಿಂದ ಎಳೆಯುತ್ತಾ. ಕೇಬಲ್ ಹಾದು ಹೋಗುವ ಫೈಬರ್ ತೂತಿನ ಅಂಚು ಚೂಪಾಗಿತ್ತು. ಹಳೆ ಪೆಟ್ರೋಲ್ ಪೈಪಿನ ತುಂಡು ಸೀಳಿ ಆ ಅಂಚಿಗೆ ಹೊದಿಸಿದೆ. ರಾಡಿಗೆ ನೀರಿಗೆ ಜಗ್ಗದ ಮೆರೈನ್ ಗ್ರೀಸ್ ಸವರಿ ಟ್ಯೂಬಿನೊಳಗೆ ನೂಕಿದೆ. ಬೆಣ್ಣೆಯಲ್ಲಿ ಕೂದಲು ಎಳೆದಷ್ಟು ಸಲೀಸು. ದೊಡ್ಡ ನಟ್ ಬಿಗಿದೆ.

ಹೆಲ್ಮಿನ ಕಡೆ ಎಡವಿದೆ. ತಂತಿಯ ತುದಿ ಒಳಗಿಟ್ಟು ಚಕ್ರ ತಿರುಗಿಸಿದರೆ ಅದೇ ಎಳೆದುಕೊಳ್ಳುತ್ತದೆ, ಕೊನೆಗೆ ಟಕ್ ಅಂತ ಲಾಕ್ ಆಗುತ್ತದೆ. ಆಯಿತು. ಎಂಜಿನ್ ನೇರ ಇಟ್ಟು ನೋಡಿದರೆ ಚಕ್ರ ಸೊಟ್ಟ, ಮೇಲಿರಬೇಕಾದ ಕಡ್ಡಿ ಗಡಿಯಾರದ ನಾಲ್ಕು ಗಂಟೆಯ ಜಾಗದಲ್ಲಿ. ಚಕ್ರ ಬಿಚ್ಚಿ ನೇರ ಕೂರಿಸೋಣ ಅಂದರೆ ಶಾಫ್ಟಿಗೆ ಕೀಲಿ ಇದೆ, ಒಂದೇ ರೀತಿ ಕೂರುವುದು. ಮತ್ತೆ ಪಿನ್ ತೆಗೆದು, ತಂತಿ ಹೊರಗೆ ತಂದು, ಚಕ್ರ ಅಷ್ಟು ಹಿಂದೆ ತಿರುಗಿಸಿಟ್ಟು ಮತ್ತೆ ಒಳಗೆ ಬಿಟ್ಟೆ. ಮೂರನೇ ಸಲಕ್ಕೆ ನೇರ ಬಂತು. ಈ ಕೊನೆಯಿಂದ ಆ ಕೊನೆಗೆ ಮೂರೂ ಮುಕ್ಕಾಲು ಸುತ್ತು.

ಲಿಂಕಿಗೆ ಹೊಸ ಲಾಕ್ ನಟ್. ಒಳಗೆ ನೈಲಾನ್ ಬಳೆ ಇರುವಂಥದ್ದು, ಅಲುಗಾಟಕ್ಕೆ ತಾನಾಗಿ ಬಿಚ್ಚುವುದಿಲ್ಲ. ಹಳೆಯದು ಚೆನ್ನಾಗೇ ಕಾಣುತ್ತಿತ್ತು, ಆದರೆ ಒಂದು ಸಲ ಬಿಚ್ಚಿದ ಮೇಲೆ ಅದರ ಹಿಡಿತ ನಂಬುವಂಥದ್ದಲ್ಲ. ಇಡೀ ಬೋಟಿನ ದಿಕ್ಕು ನಿಂತಿರುವುದು ಈ ನಟ್‌ಗಳ ಮೇಲೆ. ಪುಸ್ತಕದ ಪ್ರಕಾರ, ರಾಡಿನ ಕಡೆಯ ನಟ್ ಪೂರ್ತಿ ಕೂರುವ ತನಕ ಬಿಗಿದು ಕಾಲು ಸುತ್ತು ಸಡಿಲಿಸಿದೆ, ಲಿಂಕ್ ಆಡಬೇಕಲ್ಲ.

ಕೊನೆಗೆ ರಾಡು ಪೂರ್ತಿ ಒಳಗೆ ಎಳೆದುಕೊಂಡು ಗ್ರೀಸ್ ನಿಪ್ಪಲಿಗೆ ಗನ್ ಹಿಡಿದೆ. ಮೇಸ್ತ್ರಿ ಪಕ್ಕದಲ್ಲೇ ನಿಂತು, "ಒಳಗೆ ಉಂಟಾ?" ಅಂತ ಕೇಳಿದರು. ಎರಡು ಸಲ ಕೇಳಿದರು.

ಅಕ್ಟೋಬರ್ 19

ಬೆಳಿಗ್ಗೆ ನೀರಿಗೆ ಇಳಿಸಿದೆವು. ಮೊದಲು ದಡದ ಹತ್ತಿರ, ನಿಧಾನಕ್ಕೆ, ಎರಡೂ ಕಡೆ ಕೊನೆಯ ತನಕ ತಿರುಗಿಸಿ ಎಂಟರ ಆಕಾರದಲ್ಲಿ ಹತ್ತು ಸುತ್ತು. ಆಮೇಲೆ ವೇಗ. ಬಲಕ್ಕೆ ಸ್ವಲ್ಪ ಎಳೆತ ಇದೆ, ಅದು ಪ್ರೊಪೆಲ್ಲರಿನದು, ಮುಂಚೆಯೂ ಇತ್ತು. ಬಿಗಿ ಚಕ್ರದಲ್ಲಿ ಗೊತ್ತಾಗುತ್ತಿರಲಿಲ್ಲ ಅಷ್ಟೇ.

ವಾಪಸ್ ಬರುವಾಗ ಮತ್ತೆ ಅದೇ ಸೇತುವೆ, ಮತ್ತೆ ಇಳಿತ. ಭಾವ ಕೇಳದೆಯೇ ಎಂಜಿನ್ ಪಕ್ಕ ಹೋಗಿ ಕೂತ. ಏನೂ ಬೇಕಾಗಲಿಲ್ಲ. ಆದರೂ ಕಂಬ ದಾಟುವ ತನಕ ಅವನು ಒಂದು ಕೈ ಎಂಜಿನ್ ಮೇಲೆ ಇಟ್ಟೇ ಇದ್ದ.

ಅಕ್ಟೋಬರ್ 26

ನಟ್‌ಗಳನ್ನು ಮತ್ತೆ ನೋಡಿದೆ, ಎಲ್ಲ ಇದ್ದ ಹಾಗೇ ಇವೆ. ಹಿಂದಿನ ತಿರುವಿನಲ್ಲಿ ನಾನು ಹಾಕಿದ್ದ ಪ್ಲಾಸ್ಟಿಕ್ ಟೈ ಬಿಗಿಯಾಗಿ ಕೇಬಲ್ಲನ್ನು ಒಳಗೆ ಎಳೆಯುತ್ತಿತ್ತು. ಕತ್ತರಿಸಿ ಸಡಿಲವಾಗಿ ಇನ್ನೊಂದು ಹಾಕಿದೆ. ಹರಿವಾಣ ಹಿಡಿದು ನೋಡಿದೆ, ತಿರುವು ಸರಿ ಇದೆ. ಹರಿವಾಣ ಇನ್ನೂ ಬೋಟಿನಲ್ಲೇ ಉಳಿದಿದೆ, ಅಮ್ಮ ಹುಡುಕುತ್ತಿದ್ದಾರೆ.